ಎರಡನೆಯ ಚಿತ್ರದಲ್ಲಿ ಕಂಡದ್ದು

ಶರಣ ಬಂಧುಗಳೇ, ೧೯೮೭ರ ಬೇಸಿಗೆಯಲ್ಲಿ ನನಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ನಾನು ಹುನಗುಂದದ ಕನ್ನಡ ಶಾಲೆಯ ಶಿಕ್ಷಕಿ. ಸಂಜೆ ಓಣಿಯ ಹೆಂಗಸರನ್ನು ಕೂಡಿಸಿ ವಚನ ಹಾಡುವವಳು. ಕುತ್ತಿಗೆಯ ಎಡಕ್ಕೆ ಲಿಂಬೆಹಣ್ಣಿನಷ್ಟು ಗಂಟು ಎದ್ದು, ಧ್ವನಿ ಒಡೆಯತೊಡಗಿತ್ತು. ಮುಂಬೈಗೆ ಹೋಗಬೇಕೆಂದು ಬಾಗಲಕೋಟೆಯ ವೈದ್ಯರು ಚೀಟಿ ಬರೆದುಕೊಟ್ಟರು.

ನಮ್ಮವರ ಅಣ್ಣ ಒಪ್ಪಲಿಲ್ಲ. "ಮುಂಬೈ ಗಿಂಬೈ ಬ್ಯಾಡ. ಬಸವಣ್ಣನ ಮ್ಯಾಲೆ ಭಾರ ಹಾಕಿ ಮನ್ಯಾಗಿರು," ಎಂದರು.

"ಭಾರ ಹಾಕ್ತೇನಿ ಭಾವಾರ. ಆದ್ರ ಮನ್ಯಾಗ ಕುಂತು ಅಲ್ಲ," ಎಂದೆ.

ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ನಾನೂ ನಮ್ಮವರೂ ಮುಂಬೈ ಮುಟ್ಟಿದೆವು. ಅಲ್ಲಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಮ್ಮ ಮರಾಠಿಯಲ್ಲಿ ಹೇಳಿದ್ದು ಅರ್ಧಕ್ಕರ್ಧ ತಿಳಿಯಲಿಲ್ಲ. ಆಗ ಯಂತ್ರದ ಹಿಂದಿನಿಂದ ಒಂದು ಧ್ವನಿ ಬಂತು: "ಅಕ್ಕಾರ, ಯಾವೂರ್ರಿ ನಿಮ್ಮದು?" ಅವನು ದಸ್ತಗೀರ, ಆ ಯಂತ್ರದಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ತಂತ್ರಜ್ಞ, ಬಾದಾಮಿಯವನು. ಆ ಮಾತು ಕೇಳಿಯೇ ನನಗೆ ಅಳು ಬಂತು.

"ಗಂಟಿನ ನಡುವ ರಕ್ತ ಸರಿಯಾಗಿ ಮುಟ್ಟಂಗಿಲ್ರಿ," ಎಂದು ಅವನೇ ಬಿಡಿಸಿ ಹೇಳಿದ. "ಆಮ್ಲಜನಕ ಇಲ್ಲದಲ್ಲಿ ಕುಂತ ರೋಗ ಕಿರಣಕ್ಕ ಜಗ್ಗಂಗಿಲ್ಲ. ಆ ಜಾಗ ತೋರ್ಸಾಕ ಎರಡು ಹೊಸ ಔಷಧ ಬಂದಾವ. ಎರಡ್ರಾಗೂ ಚೂರು ವಿಕಿರಣ ಇರ್ತೈತಿ. ಯಾವುದು ಖರೆ ತೋರಸ್ತೈತಿ ಅಂತ ಹೋಲಿಸಿ ನೋಡಾಕತ್ತಾರ. ನೀವು ಒಪ್ಪಿದ್ರ ಮಾತ್ರ."

ಒಪ್ಪಿದೆ. ಆದರೆ ಯಂತ್ರದಡಿ ಮಲಗುವ ಮೊದಲು ನರ್ಸ್ ಕೊರಳಿನದನ್ನು ತೆಗೆದಿಡಲು ಹೇಳಿದಳು. ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಕೊಟ್ಟೆ. ಒಳಗಿನ ಇಷ್ಟಲಿಂಗವನ್ನು ಕೊಡಲಿಲ್ಲ. "ಇದು ಮೈ ಬಿಟ್ಟು ಇರಂಗಿಲ್ಲ. ಬೇಕಾದ್ರ ಹಂಗ ವಾಪಸ್ ಹೋಗ್ತೇನಿ." ದಸ್ತಗೀರ ಡಾಕ್ಟರಮ್ಮನೊಡನೆ ಮಾತಾಡಿ ಬಂದು, "ಕೈಯಾಗ ಹಿಡ್ಕೊರಿ ಅಕ್ಕಾರ, ಕೈ ಚಿತ್ರದಾಗ ಬರಂಗಿಲ್ಲ," ಎಂದ.

ಮೊದಲನೆಯ ಔಷಧದ ಚಿತ್ರದಲ್ಲಿ ಕುತ್ತಿಗೆಯೆಲ್ಲ ಮಬ್ಬು ಮಬ್ಬು. ಕಿರಣಕ್ಕೆ ಜಗ್ಗದ ರೋಗ ಧ್ವನಿಪೆಟ್ಟಿಗೆಯಲ್ಲೂ ಇರಬಹುದು, ಹಾಗಿದ್ದರೆ ಆ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ನಮ್ಮವರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಜಗಳವಾಡಿದೆ. ಹೌದು, ಪ್ರಾರ್ಥನೆಯಲ್ಲ, ಜಗಳ. "ಈ ಧ್ವನಿ ಕೊಟ್ಟಾಂವ ನೀನು. ಕಸಕೋಬೇಕಂದ್ರ ಕಾರಣ ಹೇಳು. ನಾ ಸುಮ್ಮನ ಕೊಡಾಕಿ ಅಲ್ಲ."

ಐದು ದಿನ ಬಿಟ್ಟು ಎರಡನೆಯ ಔಷಧ ಚುಚ್ಚಿದರು. ತಾಸುಗಟ್ಟಲೆ ಕಾಯಿಸಿ ಚಿತ್ರ ತೆಗೆದರು. ದಸ್ತಗೀರ ಓಡುತ್ತಲೇ ಬಂದ. "ಅಕ್ಕಾರ! ಗಂಟಿನ ನಡುವ ಒಂದ ಕಲೆ ಐತಿ. ಧ್ವನಿಪೆಟ್ಟಿಗಿ ಸ್ವಚ್ಛ ಐತ್ರಿ!"

ಮೊದಲನೆಯದು ರಕ್ತದಲ್ಲೇ ಬಹಳ ಹೊತ್ತು ಸುತ್ತುತ್ತ ಉಳಿದದ್ದರಿಂದ ಎಲ್ಲೆಡೆ ಮಬ್ಬಾಗಿತ್ತಂತೆ. ಎರಡನೆಯದು ರಕ್ತದಿಂದ ಬೇಗ ತೊಳೆದುಹೋಗಿ, ಆಮ್ಲಜನಕ ಸಿಗದ ಜಾಗದಲ್ಲಷ್ಟೇ ಅಂಟಿಕೊಂಡಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನಷ್ಟೇ ತೆಗೆದು, ಗಂಟಲಿಗೆ ಕಿರಣ ಕೊಟ್ಟರು. ತೆಗೆದ ಗಂಟನ್ನು ಕತ್ತರಿಸಿ ನೋಡಿದಾಗ ಅದರ ನಡುಭಾಗ ಚಿತ್ರದಲ್ಲಿದ್ದಂತೆಯೇ ಇತ್ತು. "ಒಬ್ಬರ ಚಿತ್ರದಿಂದ ಔಷಧ ಗೆದ್ದಿತೆನ್ನಲಾಗದು," ಎಂದರು ಡಾಕ್ಟರಮ್ಮ. ಇರಲಿ. ನನ್ನ ಮಟ್ಟಿಗೆ ಗೆದ್ದಿತ್ತು.

ಒಂದೂವರೆ ತಿಂಗಳು ಉಗುಳು ನುಂಗಲೂ ಆಗಲಿಲ್ಲ. ದೀಪಾವಳಿಯ ನಂತರ ಶಾಲೆಗೆ ಹೋದೆ. ಧ್ವನಿ ತುಸು ದಪ್ಪಗಾಗಿದೆ, ಆದರೆ ಹಿಂದಿನ ಬೆಂಚಿನವರೆಗೂ ಮುಟ್ಟುತ್ತದೆ.

ದೇವರೋ ದವಾಖಾನೆಯೋ ಎಂದು ಕೇಳುವವರಿಗೆ ಒಂದು ಮಾತು. ದಸ್ತಗೀರನನ್ನು ಆ ಯಂತ್ರದ ಹಿಂದೆ ನಿಲ್ಲಿಸಿದವನು ಯಾರೆಂದು ನನಗೆ ಗೊತ್ತು. ನನ್ನ ಜಗಳವನ್ನು ಕೇಳಿಸಿಕೊಂಡವನೂ ಅವನೇ. ಅವನ ಪಾದಕ್ಕೆ ಶರಣು.

ಮೊನ್ನೆ ಮನೆಗೆ ಬಂದ ಭಾವ ನನ್ನ ಹಾಡು ಕೇಳಿ ಕಣ್ಣೊರೆಸಿಕೊಂಡರು. "ಬಸವಣ್ಣ ಉಳಿಸಿದ ನೋಡವಾ," ಎಂದರು.

"ಹೌದ್ರಿ ಭಾವಾರ," ಎಂದೆ. "ನೀವು ಬ್ಯಾಡಂದ ದವಾಖಾನ್ಯಾಗ ಉಳಿಸಿದ."