ಪೋಷಕರೊಂದಿಗೆ ಹಾಜರಾಗತಕ್ಕದ್ದು

ಹುಣಸೂರಿನಲ್ಲಿ ನಾನು ಪಾಠ ಮಾಡುತ್ತಿದ್ದ ಸಣ್ಣ ಖಾಸಗಿ ಕಾಲೇಜಿಗೆ ಮೊದಲ ಸಲ ಒಂದು ಕಂಪನಿ ಹುಡುಗರನ್ನು ಹುಡುಕಿಕೊಂಡು ಬರುವುದೆಂದಾದಾಗ, ಅದರ ಜವಾಬ್ದಾರಿ ನನ್ನ ತಲೆಗೆ ಬಿತ್ತು. ನಾನು ಕನ್ನಡ ಮೇಷ್ಟ್ರು. ಕಂಪನಿಗೂ ನನಗೂ ಏನು ಸಂಬಂಧ? ಆದರೆ ಸ್ಟಾಫ್ ರೂಮಿನಲ್ಲಿ ಮೊಬೈಲ್ ಇದ್ದವನು ನಾನೊಬ್ಬನೇ. "ಅವರು ಯಾವಾಗ ಬೇಕಾದ್ರೂ ಫೋನ್ ಮಾಡ್ತಾರೆ ಕಣ್ರೀ, ನೀವೇ ಸರಿ," ಎಂದರು ಪ್ರಿನ್ಸಿಪಾಲರು. ಆ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಹೀಗಾಗಿ ಆ ವಾರವೆಲ್ಲ ನಾನು ತರಗತಿಗೆ ಹೋದದ್ದಕ್ಕಿಂತ ಟ್ಯಾಂಕ್ ಹತ್ತಿದ್ದೇ ಹೆಚ್ಚು.

ಕಂಪನಿ ಮೈಸೂರಿನದು, ಯಂತ್ರಗಳ ಬಿಡಿಭಾಗ ತಯಾರಿಸುವಂಥದ್ದು. ಉಗ್ರಾಣಕ್ಕೆ ಬಂದ ಸರಕು, ಅಲ್ಲಿಂದ ಹೋದ ಸರಕು ನೋಡಿಕೊಳ್ಳಲು ಬಿ.ಕಾಂ. ಮುಗಿಸಿದ ನಾಲ್ಕು ಜನ ಬೇಕಾಗಿದ್ದರು. ಅವರು ಕೇಳಿದ್ದು ಗಾಳಿ ಬೆಳಕಿರುವ ಒಂದು ಕೋಣೆ, ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಒಳಗೆ ಬರುವ ಅಭ್ಯರ್ಥಿಗಳು, ಅಷ್ಟೇ.

ಇಷ್ಟಕ್ಕೆ ಪ್ರಿನ್ಸಿಪಾಲರು ಸಭೆ ಕರೆದರು. ಊಟದ ಸಮಿತಿ, ವೇದಿಕೆ ಸಮಿತಿ, ಹಾರ-ಶಾಲಿನ ಸಮಿತಿ ಹುಟ್ಟಿಕೊಂಡವು. ಒಬ್ಬಟ್ಟೋ ಮೈಸೂರು ಪಾಕೋ ಎಂದು ಬಹಳ ಹೊತ್ತು ಜಗಳವಾಡಿ, ಎರಡೂ ಇರಲಿ ಎಂದು ಒಮ್ಮತಕ್ಕೆ ಬಂದರು. ಸಂದರ್ಶನವೆಂದರೇನು ಎಂದು ಹುಡುಗರಿಗೆ ಯಾರು ಹೇಳಿಕೊಡುವುದು ಎಂದು ನಾನು ಕೇಳಿದೆ. "ಅದೇನ್ರೀ ಹೇಳ್ಕೊಡೋದು? ಕೇಳಿದ್ದಕ್ಕೆ ಉತ್ತರ ಹೇಳ್ತಾರೆ," ಎಂದರು ಇತಿಹಾಸದ ಮೇಷ್ಟ್ರು. ಅವರ ತರಗತಿಯಲ್ಲಿ ಯಾರಾದರೂ ಉತ್ತರ ಹೇಳಿದ್ದನ್ನು ನಾನಂತೂ ಕೇಳಿದವನಲ್ಲ.

ನಾನು ಬರೆದ ನೋಟಿಸಿನ ಕೆಳಗೆ ಪ್ರಿನ್ಸಿಪಾಲರು ಹಸಿರು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು: 'ಪೋಷಕರೊಂದಿಗೆ ಹಾಜರಾಗತಕ್ಕದ್ದು.' ನಮ್ಮಲ್ಲಿ ಅಡ್ಮಿಷನ್ನಿಗೂ ಅಪ್ಪ ಬರಬೇಕು, ಕಿಟಕಿ ಗಾಜು ಒಡೆದರೂ ಅಪ್ಪ ಬರಬೇಕು. ಕೆಲಸದಂಥ ದೊಡ್ಡ ವಿಷಯಕ್ಕೆ ಅಪ್ಪನಿಲ್ಲದೆ ಹೇಗೆ?

"ಸಾರ್, ಅವರು ಹುಡುಗರನ್ನ ಮಾತ್ರ ಕೇಳಿರೋದು."

"ನಾಳೆ ಹುಡುಗ ಕೆಲಸ ಬಿಟ್ಟು ಓಡಿ ಬಂದ್ರೆ ಯಾರನ್ನ ಹಿಡ್ಕೊಳ್ಳೋದು? ನಿಮ್ಮನ್ನಾ?"

ನಾನು ಟ್ಯಾಂಕ್ ಹತ್ತಿದೆ.

ಸಂದರ್ಶನದ ದಿನ ಬೆಳಿಗ್ಗೆ ಗೇಟಿನ ಮುಂದೆ ದಿಬ್ಬಣವೇ ಇಳಿಯಿತು. ಪಿರಿಯಾಪಟ್ಟಣದ ಕಡೆಯವರು ಟೆಂಪೋ ಮಾಡಿಕೊಂಡು ಬಂದಿದ್ದರು. ಹನಗೋಡಿನಿಂದ ಒಂದು ಟ್ರ್ಯಾಕ್ಟರ್. ಒಬ್ಬೊಬ್ಬ ಹುಡುಗನ ಹಿಂದೆ ಅಪ್ಪ, ದೊಡ್ಡಪ್ಪ, ಸೋದರಮಾವ. ಇಷ್ಟು ಜನರ ನಡುವೆ ಒಬ್ಬಳೇ ನಿಂತಿದ್ದವಳು ಅಂತರಸಂತೆಯಾಚೆ ಕಾಡಂಚಿನ ಗಿರಿಜನರ ಹಾಡಿಯಿಂದ ಬಂದ ಹುಡುಗಿ. ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮುಗಿಸಿದ್ದಳು.

"ಸಾರ್, ನನ್ನ ವಸಿ ಬೇಗ ಕರೀರಿ. ಐದು ಗಂಟೆ ಬಸ್ಸು ತಪ್ಪಿದ್ರೆ ಕ್ವಾಟೆಯಿಂದ ಮುಂದಕ್ಕೆ ಬಸ್ಸಿಲ್ಲ."

"ಜೊತೇಲಿ ಯಾರಮ್ಮ?"

"ಅಪ್ಪ ಅವ್ವ ಇಬ್ರೂ ಕೊಡಗಿನ ತೋಟದಾಗವ್ರೆ. ಸೋಮವಾರ ಕೂಲಿಯೋರ್ನ ಕರ್ಕೊಂಡೋಗಾಕೆ ತೋಟದ ಜೀಪು ಬತ್ತದೆ. ಇದಾಗ್ಲಿಲ್ಲ ಅಂದ್ರೆ ನಾನೂ ಹತ್ತಬೇಕು ಸಾರ್." ಅಳುವಿನ ಸುಳಿವೇ ಇರಲಿಲ್ಲ, ಬಸ್ಸಿನ ವೇಳೆ ಹೇಳಿದಷ್ಟೇ ಸರಳವಾಗಿ ಹೇಳಿದಳು.

ಪ್ರಿನ್ಸಿಪಾಲರು ಪಟ್ಟಿ ನೋಡಿ, "ಪೋಷಕರಿಲ್ಲದವರು ಕೊನೆಗೆ," ಎಂದರು.

"ನಾನೇ ಪೋಷಕ ಅಂತ ಬರ್ಕೊಳ್ಳಿ ಸಾರ್."

"ನೀವು ಸಂಯೋಜಕರು ಕಣ್ರೀ. ಎರಡೂ ಹೇಗಾಗ್ತೀರಿ?"

ಕಂಪನಿಯಿಂದ ಬಂದವರು ಒಬ್ಬ ನಡುವಯಸ್ಸಿನ ಮೇಡಂ ಮತ್ತು ಟೈ ಕಟ್ಟಿದ ಒಬ್ಬ ಯುವಕ. ಮೊದಲು ಒಳಗೆ ನುಗ್ಗಿದವರು ಹಾರನಹಳ್ಳಿ ಕಡೆಯ ಯಜಮಾನರು, ಅವರ ಬೆನ್ನಿಗೆ ತಮ್ಮನ ಮಗ. "ಸೊಪ್ಪು ಒಣಗ್ಸೋ ಬ್ಯಾರನ್ನಿಗೆ ಬೆಂಕಿ ಆಕಿ ಬಂದಿವ್ನಿ ಕಣವ್ವ, ವೊಗೆಸೊಪ್ಪು ಕೆಟ್ಟೋಯ್ತದೆ. ನಮ್ಮುಡುಗನ್ನ ಬೇಗ ಕೇಳಿ ಕಳ್ಸಿ," ಎಂದು ಹೇಳಿ, ಹುಡುಗನಿಗಿಟ್ಟಿದ್ದ ಕುರ್ಚಿಯಲ್ಲಿ ತಾವು ಕುಳಿತರು.

ಮೇಡಂ ಹುಡುಗನತ್ತ ತಿರುಗಿ, "ನಿಮ್ಮ ಬಗ್ಗೆ ಹೇಳಿ," ಎಂದರು. ಹುಡುಗ ದೊಡ್ಡಪ್ಪನ ಮುಖ ನೋಡಿದ.

"ಅವ್ನ್ನೇನ್ ಕೇಳೀರಿ, ನನ್ ಕೇಳಿ. ಒಳ್ಳೆ ಹುಡ್ಗ. ಬೀಡಿ-ಗೀಡಿ ಮುಟ್ಟಾಕಿಲ್ಲ," ಎಂದರು, ಊರಿಗೆಲ್ಲ ಹೊಗೆಸೊಪ್ಪು ಬೆಳೆದುಕೊಡುವ ಯಜಮಾನರು. ಆಮೇಲೆ ಮುಂದಕ್ಕೆ ಬಾಗಿ, "ಅದ್ಸರಿ, ನಿಮ್ ಕಂಪ್ನಿ ಎಷ್ಟು ವರ್ಸದ್ದು? ಬಾಗ್ಲಾಕ್ಕಂಡು ಓಗಾಕಿಲ್ಲ ತಾನೆ? ನಿಮ್ಮೂರು ಯಾವುದವ್ವ? ಮನೆಯವ್ರು ಏನ್ ಮಾಡ್ತಾವ್ರೆ?"

ಮೇಡಂ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ.

ಮಧ್ಯಾಹ್ನದವರೆಗೂ ಇದೇ ಕಥೆ. ಒಬ್ಬ ಹುಡುಗ ತನ್ನ ಹೆಸರನ್ನು ತಾನೇ ಹೇಳಿದ. ಉಳಿದವರಿಗೆ ಆ ಭಾಗ್ಯವೂ ಇರಲಿಲ್ಲ. ಅಪ್ಪಂದಿರನ್ನು ಹೊರಗೆ ಕೂರಿಸಿ ಎಂದು ಮೇಡಂ ನನ್ನನ್ನು ಕೇಳಿಕೊಂಡರು. ನಾನು ಕೂರಿಸಿ ಬರುವಷ್ಟರಲ್ಲಿ ಪ್ರಿನ್ಸಿಪಾಲರು "ದೊಡ್ಡೋರನ್ನ ಹೊರಗೆ ನಿಲ್ಲಿಸ್ತಾರೇನ್ರೀ?" ಎಂದು ಒಳಗೆ ಇನ್ನೂ ನಾಲ್ಕು ಕುರ್ಚಿ ಹಾಕಿಸಿದ್ದರು. ಒಬ್ಬಟ್ಟು ಮತ್ತು ಮೈಸೂರು ಪಾಕು ಎರಡೂ ಹೊಟ್ಟೆಗೆ ಇಳಿದ ಮೇಲೆ ಟೈ ಕಟ್ಟಿದ ಯುವಕ ಕಣ್ಣು ತೆರೆದುಕೊಂಡೇ ನಿದ್ದೆ ಮಾಡತೊಡಗಿದ.

ಸಂಜೆ ಪಟ್ಟಿಯಲ್ಲಿ ಉಳಿದವಳು ಆ ಹುಡುಗಿ ಮಾತ್ರ. ಅಷ್ಟರಲ್ಲಿ ಮುಖ್ಯ ಅತಿಥಿಗಳಾದ ಊರಿನ ಮುಖಂಡರು ಯಾವುದೋ ಮದುವೆಗೆ ಹೊರಡಬೇಕಿತ್ತು. ಪ್ರಿನ್ಸಿಪಾಲರು ಸಂದರ್ಶನ ನಿಲ್ಲಿಸಿ ಮೇಡಮ್ಮನ್ನು ನೇರ ವೇದಿಕೆಗೆ ಹತ್ತಿಸಿದರು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಭಾಷಣದ ಮೇಲೆ ಭಾಷಣ. ಹುಡುಗಿ ಗೋಡೆ ಗಡಿಯಾರ ನೋಡಿದಳು, ಫೈಲು ಎದೆಗವಚಿಕೊಂಡು ಎದ್ದಳು. "ಬತ್ತೀನಿ ಸಾರ್," ಎಂದು ನನಗೆ ಹೇಳಿ ಹೊರಟೇಹೋದಳು.

ನಾನು ವೇದಿಕೆಯ ಹಿಂದಿನಿಂದ ಹೋಗಿ ಮೇಡಂ ಕಿವಿಯಲ್ಲಿ ಹೇಳಿದೆ: "ಒಬ್ಬಳು ಉಳಿದಳು. ಬೆಳಿಗ್ಗೆಯಿಂದ ಕಾದಿದ್ದಳು. ಈಗ ಬಸ್ ಸ್ಟ್ಯಾಂಡಿಗೆ ಹೋದಳು."

"ಅವಳ ಜೊತೆ ಎಷ್ಟು ಜನ?"

"ಯಾರೂ ಇಲ್ಲ."

ಮೇಡಂ ಬುಟ್ಟಿಯನ್ನು ಮುಖಂಡರ ಮಡಿಲಿಗಿಟ್ಟು ಎದ್ದರು. ಬಸ್ ಸ್ಟ್ಯಾಂಡ್ ರಸ್ತೆಯಾಚೆಗೇ ಇತ್ತು. ಅವಸರದಲ್ಲಿ ಪೇಟ ತೆಗೆಯುವುದನ್ನೂ ಮರೆತು ಅವರು ಹುಡುಗಿ ಹೇಳಿದ್ದ ಕೋಟೆ ಬಸ್ಸು ಹತ್ತಿದರು, ಹಿಂದಿನಿಂದ ನಾನು. "ಇದ್ಯಾವ ಎಲೆಕ್ಸನ್ನೋ?" ಎಂದು ಯಾರೋ ಕೇಳಿದರು.

ಕಂಡಕ್ಟರು, "ಎಲ್ಲಿಗಕ್ಕಾ?" ಎಂದ.

"ಇಂಟರ್ವ್ಯೂಗೆ."

"ಅಂಗಂತ ಸ್ಟಾಪ್ ಇಲ್ಲ. ಬೇಗ ಮುಗಿಸ್ಕಳಿ, ಟೈಮಾಯ್ತು."

ಹುಡುಗಿ ಕಿಟಕಿ ಪಕ್ಕ ಕೂತಿದ್ದಳು. ಮೇಡಂ ಕಂಬಿ ಹಿಡಿದು ನಿಂತು ಕೇಳಿದರು: "ಲಾರಿ ಬಂತು. ಚೀಟಿಯಲ್ಲಿ ಇಪ್ಪತ್ತು ಪೆಟ್ಟಿಗೆ ಅಂತಿದೆ. ಎಣಿಸಿದ್ರೆ ಎರಡು ಕಮ್ಮಿ. ಡ್ರೈವರ್ ಸಹಿ ಹಾಕಿ ಕೊಡು ಅಂತ ಗಲಾಟೆ ಮಾಡ್ತಾನೆ. ಏನ್ಮಾಡ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ಬಸ್ಸಿಗೆ ಬಸ್ಸೇ ಉತ್ತರ ಹೇಳಿತು.

"ಸೈನ್ ಆಕ್ಬ್ಯಾಡ ಕಣವ್ವೋ!" ಎಂದಳು ಎಲೆಅಡಿಕೆ ಮೆಲ್ಲುತ್ತಿದ್ದ ಮುದುಕಿ.

"ಪೊಲೀಸ್ಗೆ ಏಳು," ಎಂದ ಹಿಂದಿನ ಸೀಟಿನವನೊಬ್ಬ.

"ಡ್ರೈವರ್ ಏನ್ ಮಾಡಾನು? ತುಂಬ್ದೋನು ಬ್ಯಾರೆ, ಇಳಿಸ್ಕಳೋನು ಬ್ಯಾರೆ. ನಡುವೆ ನಾವ್ ಸಾಯಬೇಕು," ಎಂದು ಬಸ್ಸಿನ ಡ್ರೈವರ್ ಸ್ಟೇರಿಂಗ್ ಬಿಟ್ಟು ಪೂರ್ತಿ ತಿರುಗಿ ಕೂತ.

ಹುಡುಗಿ ಎದ್ದು ನಿಂತಳು. "ಎಲ್ರೂ ವಸಿ ಸುಮ್ಕಿರಿ. ಅವ್ರು ಕೇಳ್ತಿರೋದು ನನ್ನ."

ಆಮೇಲೆ ಮೇಡಂ ಕಡೆ ತಿರುಗಿದಳು. "ಬಂದಿರೋದು ಹದಿನೆಂಟು ಅಂತ ಬರ್ದು ಸಹಿ ಹಾಕ್ತೀನಿ ಮೇಡಂ. ಡ್ರೈವರ್ ಕೈಲೂ ಎಣಿಸ್ತೀನಿ. ಬೈದ್ರೆ ಬೈಲಿ."

"ಅಂಗಾದ್ರೆ ನಮ್ ಗತಿಯೇನವ್ವ?" ಎಂದ ಡ್ರೈವರ್.

"ಅಣ್ಣ, ನೀವು ಮುಂದೆ ನೋಡ್ಕಳಿ."

ಮುದುಕಿ ಎಲೆಅಡಿಕೆ ಉಗುಳಿ ನಕ್ಕಳು. ಮೇಡಂ ನಗಲಿಲ್ಲ. "ಸೋಮವಾರ ಬೆಳಿಗ್ಗೆ ಮೈಸೂರಿಗೆ ಬಂದು ಕೆಲಸಕ್ಕೆ ಸೇರ್ಕೋತೀಯಾ?" ಎಂದು ಕೇಳಿದರು. ಸೋಮವಾರವೇ ತೋಟದ ಜೀಪೂ ಬರಲಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿದಳು.

"ಸೇರ್ಕತೀನಿ ಮೇಡಂ," ಎಂದಳು. ಕಂಡಕ್ಟರು ಸೀಟಿ ಊದಿದ, ನಾವಿಬ್ಬರೂ ಇಳಿದೆವು.

ಆಯ್ಕೆಯಾದವರ ಹೆಸರು ಬೋರ್ಡಿಗೆ ಬಿದ್ದ ದಿನ ಹಾರನಹಳ್ಳಿಯ ಯಜಮಾನರು ಬಂದರು. ಅವರ ಹುಡುಗನ ಹೆಸರಿರಲಿಲ್ಲ.

"ಆ ಹಾಡಿ ಹುಡುಗಿ ಕಡೆಯಿಂದ ಯಾರ್ ಬಂದಿದ್ರು ಸಾ?"

"ಯಾರೂ ಇಲ್ಲ ಯಜಮಾನ್ರೇ. ಅವಳೇ ಮಾತಾಡಿದ್ಲು."

"ಬುಡಿ ಸಾ, ನನ್ಗೇ ಕತೆ ಏಳ್ತೀರಲ್ಲ. ದೊಡ್ಡೋರು ಯಾರೋ ಒಂದ್ ಮಾತು ಏಳವ್ರೆ," ಎಂದು ಅವರು ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸುತ್ತಾ, ಬಹಳ ವಿನಯದಿಂದ ಹೇಳಿದರು: "ಪಾಪ, ಬಡವರ ಹುಡುಗಿ. ನಾನೇ ಒಂದು ಮಾತು ಹೇಳಿದ್ದೆ."

ಯಜಮಾನರು ಹೊರಬಂದು, "ಈಗೇನಂತೀರಿ ಮೇಷ್ಟ್ರೇ?" ಎನ್ನುವಂತೆ ನನ್ನನ್ನು ನೋಡಿ, ಸಮಾಧಾನದಿಂದ ಊರಿಗೆ ಹೋದರು.