ಬೆಟ್ಟದ ಕಡೆಗೆ ತಿರುಗಿದ ಮೂಗು

2003ರ ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಹತ್ತು. ಸ್ಥಳ, ಮೈಸೂರಿನ ಗ್ರಾಹಕರ ವೇದಿಕೆ. ಹಾಜರಿದ್ದವರು: ಅಧ್ಯಕ್ಷರು, ಇಬ್ಬರು ಸದಸ್ಯರು, ಟ್ರಾವೆಲ್ಸ್ ಮಾಲೀಕ, ಅವನ ವಕೀಲರು, ನಾನು, ಮತ್ತು ನನ್ನ ಎದುರುಮನೆಯ ಪುಡಿಯಮ್ಮ. ಪುಡಿಯಮ್ಮನ ಮೂಗು ಅಂದು ಅಡಿಪಟ್ಟಿಯಷ್ಟು ನೇರವಾಗಿತ್ತು. ಹೊಳ್ಳೆಗಳು ಮಾತ್ರ ಎಳ್ಳುಕಾಳು ತೂರುವುದೂ ಅನುಮಾನ ಎನ್ನುವಷ್ಟು ಕಿರಿದಾಗಿದ್ದವು. ಬಾಯಿಂದ ಉಸಿರಾಡುತ್ತ ಕುಳಿತಿದ್ದರು.

ಅವರ ನಿಜವಾದ ಮೂಗು ಓರೆ. ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬಿದ್ದದ್ದಂತೆ. ಬಾಗಿಲಲ್ಲಿ ನಿಂತರೆ ಮುಖ ನನ್ನ ಮನೆಯ ಕಡೆ, ಮೂಗು ಚಾಮುಂಡಿ ಬೆಟ್ಟದ ಕಡೆ. ಸರ್ಕಾರಿ ಆಸ್ಪತ್ರೆಯ ವಾರ್ಡ್ ಸಿಸ್ಟರ್ ಕೆಲಸದಿಂದ ನಿವೃತ್ತಳಾಗಿ ನಾನು ರಾಮಕೃಷ್ಣನಗರಕ್ಕೆ ಬಂದ ಮೊದಲ ದಿನವೇ ಆ ಮೂಗು ನನ್ನನ್ನು ಬರಮಾಡಿಕೊಂಡಿತ್ತು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸಾರಿನ ಪುಡಿಯ ಪೊಟ್ಟಣ. ಆ ಪುಡಿಯೇ ಅವರ ಜೀವನ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದ್ದೂ ಅದರಿಂದಲೇ.

ನಾನು ಆಸ್ಪತ್ರೆಯ ಶಿಸ್ತಿನವಳು. ಅವರು ಹುರಿಯುವುದನ್ನು ಕಲಿಯಲು ನೋಟ್‌ಬುಕ್ಕು, ಕೈಗಡಿಯಾರ ಹಿಡಿದು ಕೂತೆ. ಕೊತ್ತಂಬರಿ ಬೀಜಕ್ಕೆ ಎಷ್ಟು ನಿಮಿಷ ಎಂದು ಕೇಳಿದೆ.

"ಬೀಜಕ್ಕೆ ಗಡಿಯಾರ ನೋಡೋಕೆ ಬರುತ್ತಾ ಸಿಸ್ಟ್ರೇ? ಅದು ಆಯ್ತು ಅಂದಾಗ ಆಯ್ತು."

"ಅದು ಅನ್ನೋದು ನಮಗೆ ಕೇಳ್ಬೇಕಲ್ಲ?"

"ಕಿವೀಲಿ ಕೇಳಿದ್ರೆ ಎಂಗೆ ಕೇಳುತ್ತೆ? ಮೂಗಲ್ಲಿ ಕೇಳಿ."

ಇಂಥ ಮೂಗನ್ನು ಅವರು ಕುಯ್ಯಲು ಕೊಟ್ಟದ್ದು ಒಬ್ಬ ವಿಡಿಯೋದವನ ದೆಸೆಯಿಂದ. ಮಗಳ ಮದುವೆಯಲ್ಲಿ ಅವನು ಮೂರು ಸಲ "ಅಮ್ಮಾ, ನೇರವಾಗಿ ನೋಡಿ" ಎಂದ. "ನೇರವಾಗೇ ನೋಡ್ತಾ ಇದೀನಿ ಕಣಪ್ಪ" ಎಂದು ಇವರು ಮೂರು ಸಲ ಹೇಳಿದರು. ಚಪ್ಪರದಲ್ಲಿ ಎಲ್ಲರೂ ನಕ್ಕರು. ಅದಾಗಿ ತಿಂಗಳೊಳಗೆ ಟ್ರಾವೆಲ್ಸ್‌ನವನೊಬ್ಬ ಬಡಾವಣೆಗೆ ಬಂದ. ಏಳು ದಿನ ಬ್ಯಾಂಕಾಕ್, ಎರಡು ದಿನ ಊರು ನೋಡುವುದು, ಒಂದು ದಿನ ಮೂಗು ತಿದ್ದಿಸುವುದು, ಉಳಿದ ದಿನ ವಿಶ್ರಾಂತಿ.

ಹೋಗಬೇಡಿ ಎಂದೆ. "ನಿಮ್ಗೆ ಎಲ್ಲಾದ್ರಲ್ಲೂ ಇನ್ಫೆಕ್ಷನ್ನೇ ಕಾಣೋದು ಬುಡಿ" ಎಂದು ಹೋಗಿಯೇ ಬಿಟ್ಟರು.

ನೇರ ಮೂಗಿನೊಂದಿಗೆ ವಾಪಸಾದರು. ಮೊದಲ ವಾರ ಎಲ್ಲರೂ ಹೊಗಳಿದರು. ಎರಡನೆಯ ವಾರ ಅವರ ಮನೆಯಿಂದ ಹೊಗೆ ಬಂತು. ಓಡಿಹೋದೆ. ಬಾಣಲೆಯಲ್ಲಿ ಕೊತ್ತಂಬರಿ ಬೀಜ ಇದ್ದಿಲಾಗಿತ್ತು. ಪುಡಿಯಮ್ಮ ಅದರ ಮುಂದೆ ಸೌಟು ಹಿಡಿದು ಶಾಂತವಾಗಿ ನಿಂತಿದ್ದರು.

"ಇನ್ನೂ ವಾಸ್ನೆ ಬಂದಿಲ್ಲ ಸಿಸ್ಟ್ರೇ" ಎಂದರು.

ಪೊಟ್ಟಣಗಳು ಒಂದೊಂದಾಗಿ ಹಿಂದಿರುಗಿದವು. ಅವರು ಹುರಿಯುವುದನ್ನೇ ನಿಲ್ಲಿಸಿದರು. ಎರಡು ಹೊಳ್ಳೆಗಳೂ ಒಳಗೆ ಕಟ್ಟಿಕೊಂಡಿವೆ, ಬೇಗ ಇನ್ನೊಂದು ಆಪರೇಷನ್ ಆಗಬೇಕು, ಆದರೆ ಅಲ್ಲಿ ಏನು ಕತ್ತರಿಸಿದ್ದಾರೆಂಬ ಕಾಗದ ನೋಡದೆ ಕೈ ಹಾಕುವುದಿಲ್ಲ ಎಂದು ಇಲ್ಲಿಯ ಡಾಕ್ಟರು ಬರೆದುಕೊಟ್ಟರು. ಕಾಗದ ಕೇಳಿದರೆ ಬ್ಯಾಂಕಾಕಿನವರು ಉತ್ತರವನ್ನೇ ಕೊಡಲಿಲ್ಲ. ಟ್ರಾವೆಲ್ಸ್‌ನವನು ಕೊಟ್ಟ.

"ಕುಯ್ದಿದ್ದು ಅಲ್ಲಿಯೋರು, ಅಲ್ಲೇ ಹೋಗಿ ಕೇಳಿ. ನಾವು ಬರೀ ಟಿಕೆಟ್ ಮಾಡ್ಸಿದ್ದು ಕಣ್ರೀ."

ರಸೀದಿಯಲ್ಲೂ 'ಪ್ರವಾಸ' ಎಂದಷ್ಟೇ ಇತ್ತು. ಗ್ರಾಹಕರ ವೇದಿಕೆಯ ಕಚೇರಿಯಲ್ಲಿ ವಿಚಾರಿಸಿದೆ. ವಕೀಲರಿಲ್ಲದೆಯೂ ಗ್ರಾಹಕರೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಹೊರದೇಶದವರನ್ನು ಇಲ್ಲಿಗೆ ಎಳೆಯುವುದು ಕಷ್ಟ, ಆದರೆ ಆಪರೇಷನ್ನಿನ ಹೊಣೆ ಹೊತ್ತವನು ಮೈಸೂರಿನಲ್ಲೇ ಇದ್ದರೆ ಅವನನ್ನು ಕೇಳಬಹುದು ಎಂದರು. ಹೊಣೆ ಹೊತ್ತಿದ್ದಕ್ಕೆ ಸಾಕ್ಷಿ ಬೇಕು.

"ಅವ್ನ ಹ್ಯಾಂಡ್‌ಬಿಲ್ಲಲ್ಲಿ ಇತ್ತಲ್ಲ, ಪೂರ್ತಿ ಜವಾಬ್ದಾರಿ ನಮ್ಮದು ಅಂತ" ಎಂದರು ಪುಡಿಯಮ್ಮ. "ಒಂದು ಕಟ್ಟು ಕೊಟ್ಟು, ನಿಮ್ಮ ಗಿರಾಕಿಗಳಿಗೆ ಹಂಚಿ ಅಂದಿದ್ದ."

"ಎಲ್ಲಿ ಆ ಕಟ್ಟು?"

"ಹಂಚ್ಬುಟ್ಟೆ. ಕಾಗ್ದ ದಪ್ಪಗಿತ್ತು. ಪುಡಿ ಕಟ್ಟಿ ಹಂಚ್ಬುಟ್ಟೆ."

ಮೂರು ದಿನ ಮನೆ ಮನೆ ಅಲೆದೆವು. ಎಲ್ಲರೂ ಸಾರು ಮಾಡಿ ಉಂಡು ಸಾಕ್ಷಿಯನ್ನು ಕಸಕ್ಕೆ ಹಾಕಿದ್ದರು. ಕೊನೆಗೆ ಲಷ್ಕರ್ ಮೊಹಲ್ಲಾದ ಟೈಲರ್ ಮನೆಯಾಕೆ ಅಕ್ಕಿ ಡಬ್ಬಿಯ ತಳದಿಂದ ಒಂದು ಪೊಟ್ಟಣ ತೆಗೆದರು.

"ನೀವು ಆಮೇಲೆ ಕೊಟ್ಟಿದ್ದು ಸೀದೋಗಿತ್ತಮ್ಮ. ಇದು ಹಳೇದು, ಚೆನ್ನಾಗಿರೋದು. ಅದಕ್ಕೇ ಮುಗಿಸ್ದೆ ಇಟ್ಕೊಂಡಿದೀನಿ. ಕಾಗ್ದ ತಗೊಂಡೋಗಿ, ಪುಡಿ ಮುಟ್ಟಬೇಡಿ."

ಆಕೆ ಪುಡಿಯನ್ನು ಬಟ್ಟಲಿಗೆ ಸುರಿದುಕೊಂಡರು. ಮಡಿಕೆಯಲ್ಲಿ ಉಳಿದದ್ದನ್ನು ಕೊಡವಲು ನಾನು ಬಿಡಲಿಲ್ಲ. ಸಾಕ್ಷಿ ಇದ್ದಂತೆಯೇ ಇರಬೇಕು. ಕವರಿಗೆ ಹಾಕಿ ಅಂಟಿಸಿ, ಮೇಲೆ ದಿನ ಮತ್ತು ವೇಳೆ ಬರೆದೆ.

ಆ ಸೋಮವಾರ ಹನ್ನೊಂದು ಹತ್ತಕ್ಕೆ ಅಧ್ಯಕ್ಷರು ಒಡೆದದ್ದು ಅದೇ ಕವರು. ಅಕ್ಷರ ಕಾಣಲೆಂದು ಕಾಗದವನ್ನು ಬಿಡಿಸಿ ಒಂದು ಸಲ ಝಾಡಿಸಿದರು. ಮೊದಲು ಅವರೇ ಸೀನಿದರು. ನಂತರ ಎಡಗಡೆಯ ಸದಸ್ಯರು, ಬಲಗಡೆಯವರು. ಆಕ್ಷೇಪಣೆ ಎಂದು ಎದ್ದ ವಕೀಲರು ಆಕ್ಷೇಪಣೆಯ ಬದಲು ನಾಲ್ಕು ಸೀನು ಸೀನಿ ಕೂತರು. ನನಗೆ ಮೂರು ಬಂದವು. ಪುಡಿಯಮ್ಮ ಮಾತ್ರ ಎಲ್ಲರನ್ನೂ ಪಿಳಿಪಿಳಿ ನೋಡುತ್ತಿದ್ದರು.

ಅಧ್ಯಕ್ಷರು ಕರವಸ್ತ್ರ ತೆಗೆದರು. "ನಿಮಗೇನೂ ಆಗಲಿಲ್ಲವೇನಮ್ಮಾ?"

"ಏನಾಗ್ಬೇಕಿತ್ತು ಸ್ವಾಮಿ?"

ಡಾಕ್ಟರ ಸರ್ಟಿಫಿಕೇಟು ಫೈಲಿನಲ್ಲಿ ಇದ್ದೇ ಇತ್ತು. ಅಧ್ಯಕ್ಷರು ಅದನ್ನು ಇನ್ನೊಮ್ಮೆ ತಿರುವಿ ನೋಡಿದರು.

ವಕೀಲರು ಚೇತರಿಸಿಕೊಂಡು, ಅಪಾಯವೆಲ್ಲ ಒಪ್ಪಿ ಈಕೆ ಸಹಿ ಹಾಕಿದ್ದಾರೆ ಎಂದರು. ಫಾರಂ ಥಾಯ್ ಮತ್ತು ಇಂಗ್ಲಿಷಿನಲ್ಲಿತ್ತು.

"ಓದಿ ಹೇಳಪ್ಪ ಅಂದೆ ಸ್ವಾಮಿ. ಅವ್ರ ಹುಡುಗ, ಏನಿಲ್ಲಮ್ಮ, ಊಟಕ್ಕೆ ವೆಜ್ಜು ಅಂತ ಬರ್ದಿದೆ ಅಂದ. ಹಾಕ್ದೆ."

ಮಾಲೀಕ ನೆಲ ನೋಡಿದ. ಗೊತ್ತಿರುವ ಭಾಷೆಯಲ್ಲಿ ತಿಳಿಸದೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಎನ್ನಲಾಗದು ಎಂದು ಎರಡು ತಿಂಗಳ ಮೇಲೆ ಬಂದ ಆದೇಶದಲ್ಲಿತ್ತು. ಹ್ಯಾಂಡ್‌ಬಿಲ್ಲಿನಲ್ಲಿ ಹೊತ್ತ ಹೊಣೆಯಂತೆ ಟ್ರಾವೆಲ್ಸ್‌ನವನು ಅಲ್ಲಿಯ ದಾಖಲೆ ತರಿಸಿ ಕೊಡಬೇಕು, ರಿಪೇರಿಯ ಖರ್ಚು ಹೊರಬೇಕು ಎಂದೂ ಇತ್ತು. ದಾಖಲೆ ಬಂತು. ಆಪರೇಷನ್ ಮೈಸೂರಿನಲ್ಲೇ ಆಯಿತು. ಉಸಿರಿಗೆ ದಾರಿ ಬಿಡಬೇಕಾದರೆ ಮೂಗು ಮತ್ತೆ ಕೊಂಚ ಓರೆಯಾಗುತ್ತದೆ ಎಂದು ಡಾಕ್ಟರು ಹೆದರುತ್ತಲೇ ಹೇಳಿದರು.

"ಯಾವ ಕಡೆಗೆ?" ಎಂದು ಕೇಳಿದರು ಪುಡಿಯಮ್ಮ. ಎಡಕ್ಕೆ ಎಂದಾಗ, "ಹಂಗಾದ್ರೆ ಬೆಟ್ಟದ ಕಡೆಗೇ. ಮಾಡಿ" ಎಂದರು.

ಆರು ವಾರ ಕಳೆದು ಬಾಣಲೆ ಒಲೆಗೇರಿತು. ಕಾವಲು ಕಾಯಲು ನಾನು ಗಡಿಯಾರ ಹಿಡಿದು ಕೂತಿದ್ದೆ. ಇಷ್ಟು ತಿಂಗಳಲ್ಲಿ ನನ್ನದೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಅವರು ತಟ್ಟನೆ ಗ್ಯಾಸ್ ಆರಿಸಿದರು.

"ಇನ್ನೂ ಒಂದು ನಿಮಿಷ ಇದೆ" ಎಂದೆ.

"ನಿಮ್ಮ ವಾಚಿಗಿದೆ. ಬೀಜಕ್ಕಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಕೇಳಿದರೆ ಮೆಣಸಿನಕಾಯಿ ಘಾಟು ಎಂದರು. ಮೆಣಸಿನಕಾಯಿ ಇನ್ನೂ ಬಾಣಲೆಗೆ ಬಿದ್ದಿರಲಿಲ್ಲ.

ಆಮೇಲೆ ಐದು ವರ್ಷ ಅವರು ನನ್ನ ಕೈಗಡಿಯಾರವನ್ನು ಬಾಗಿಲಲ್ಲೇ ಬಿಚ್ಚಿಸಿ ಅಡುಗೆಮನೆಗೆ ಬಿಟ್ಟರು. ಹುರಿಯುವಾಗ ಕಣ್ಣು ಮುಚ್ಚಿಸಿ, "ಈಗ? ಈಗ?" ಎಂದು ಪರೀಕ್ಷೆ ಮಾಡಿದರು. ಹೆಚ್ಚು ಸಲ ಫೇಲಾದೆ. 2009ರ ಚಳಿಗಾಲದಲ್ಲಿ, ನಿದ್ದೆಯಲ್ಲಿಯೇ ಹೊರಟುಹೋದರು. ಅಂತ್ಯಕ್ರಿಯೆಗೆಂದು ಕೂರಿಸಿದ್ದಾಗಲೂ ಮೂಗು ಬೆಟ್ಟದ ಕಡೆಗೇ ಇತ್ತು.

ಶಿವಗಣಾರಾಧನೆಯ ದಿನ ಅಡುಗೆಯವರು ಅಂಗಡಿಯ ಪುಡಿ ತಂದಿದ್ದರು. ಅದನ್ನು ಬದಿಗಿರಿಸಿ ನಾನೇ ಬಾಣಲೆ ಇಟ್ಟೆ. ಅಂದಿನ ಡೈರಿಯಲ್ಲಿ ಎಲ್ಲ ಕೆಲಸಕ್ಕೂ ವೇಳೆ ಇದೆ: ಐದಕ್ಕೆ ಎದ್ದದ್ದು, ಆರೂವರೆಗೆ ಎಲೆ ತರಿಸಿದ್ದು, ಒಂದಕ್ಕೆ ಮೊದಲ ಪಂಕ್ತಿ, ನಾಲ್ಕಕ್ಕೆ ಪಾತ್ರೆ ಎಣಿಸಿ ಕಳಿಸಿದ್ದು, ಐದೂವರೆಗೆ ಅವರ ಬಾಣಲೆ ತೊಳೆದು ಬೋರಲು ಹಾಕಿದ್ದು. ಪುಡಿ ಹುರಿದದ್ದರ ಮುಂದೆ ಮಾತ್ರ ವೇಳೆ ಬರೆದಿಲ್ಲ.