ಒಳಕೋಣೆಯಲ್ಲಿ ಹರಡಿದ ಬೂದಿ

ನಂಬಿ ಎಂದು ನಾನು ಯಾರಿಗೂ ಗಂಟು ಬೀಳುವುದಿಲ್ಲ. ನಾನೇ ಇಷ್ಟು ವರ್ಷ ನಂಬದಿರಲು ಹೆಣಗಾಡಿ ಸೋತವನು. ಆದರೆ ನಡೆದದ್ದು ನಡೆದದ್ದೇ. ದೆವ್ವ, ಭೂತ ಎಂದರೆ ಮುಖದ ಮೇಲೇ ನಗುತ್ತಿದ್ದ ಮನುಷ್ಯ ನಾನು. ಹಾಗೆ ನಗುವುದು ನನ್ನ ಕೆಲಸದ ಒಂದು ಭಾಗವೂ ಆಗಿತ್ತು.

ಆಗ ನನಗೆ ಇಪ್ಪತ್ತಮೂರು. ಗದಗಿನ ಕಡೆಯ ಕ್ರೈಸ್ತ ಮನೆತನ ನಮ್ಮದು. ಸುವಾರ್ತೆ ಸಾರಲು ಮಿಶನ್ನಿನವರು ನನ್ನನ್ನು ನಿಜಾಮನ ಸೀಮೆಗೆ ಕಳಿಸಿದರು. ನಿಜಾಮನ ಆಳ್ವಿಕೆ ಮುಗಿದು ಆ ನಾಡು ಭಾರತಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ನಕಾಶೆಯಲ್ಲಿ ಒಂದೇ ದೇಶ, ನಿಜ. ಆದರೆ ಯಾದಗಿರಿ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿಕೊಂಡು ನಿಂತಾಗ ಪರದೇಶಕ್ಕೆ ಬಂದಂತೆಯೇ ಆಯಿತು. ಬೋರ್ಡುಗಳೆಲ್ಲ ಉರ್ದುವಿನಲ್ಲಿ. ಕನ್ನಡ ಕನ್ನಡವೇ, ಆದರೆ ಅರ್ಧ ತಿಳಿಯುತ್ತಿರಲಿಲ್ಲ. "ನಿಮ್ಮ ಮುಲುಕ ಯಾವ್ದರಿ?" ಎಂದು ಟಾಂಗಾದವನು ಕೇಳಿದಾಗ, ಮುಲುಕವೆಂದರೆ ನಾಡು ಎಂದು ತಿಳಿಯದೆ ಪೆಚ್ಚಾಗಿ ನಕ್ಕಿದ್ದೆ.

ಶಹಾಪುರದ ತನಕ ಬಸ್ಸು, ಅಲ್ಲಿಂದ ದೋರನಹಳ್ಳಿಗೆ ಎತ್ತಿನ ಗಾಡಿ. ಊರಲ್ಲಿ ಯಾರೂ ನನಗೆ ಇರಲು ಜಾಗ ಕೊಡಲಿಲ್ಲ. ನಿಜಾಮನ ಕೊನೆಯ ದಿನಗಳ ಲೂಟಿ, ಕೊಲೆಯ ಗದ್ದಲ ಕಳೆದಿತ್ತು, ಅದರ ಭಯ ಕಳೆದಿರಲಿಲ್ಲ. ಹೊಸಬರನ್ನು ಕಂಡರೆ ಬಾಗಿಲು ಮುಚ್ಚುತ್ತಿದ್ದರು. ಕೆಲವರಿಗೆ ನಾನು ಸಿಐಡಿ, ಕೆಲವರಿಗೆ ತಲೆಮರೆಸಿಕೊಂಡ ಕಳ್ಳ. ಅಂಗಡಿಯವನಂತೂ ನನ್ನ ಟ್ರಂಕನ್ನೇ ಗುರಾಯಿಸಿ, "ಅದರಾಗ ಏನೈತ್ರಿ, ಬಂದೂಕೇನು?" ಎಂದ. ಒಳಗಿದ್ದದ್ದು ಪುಸ್ತಕ ಮತ್ತು ಎರಡು ಧೋತರ.

ಕೊನೆಗೆ ಊರಂಚಿನ ಕುರುಬರ ನಿಂಗಮ್ಮ ಎಂಬ ಮುದುಕಿ ಒಪ್ಪಿದಳು. ಆದರೆ ಒಪ್ಪಿದ ರೀತಿ ವಿಚಿತ್ರ.

ಬಂದವರಿಗೆ ಕಾಲಿಗೆ ನೀರು ಕೊಡುವುದು ಎಲ್ಲ ಕಡೆಯೂ ಉಂಟು. ಈಕೆ ಚೆಂಬು ಕೊಟ್ಟು, ಕಂದೀಲು ತಂದು ನನ್ನ ಪಾದದ ಹತ್ತಿರ ಬಗ್ಗಿಸಿ ಹಿಡಿದಳು. ಒಂದು ಕಾಲು ನೋಡಿದಳು. ಇನ್ನೊಂದು ನೋಡಿದಳು. ತುಟಿ ಅಲ್ಲಾಡುತ್ತಿತ್ತು... ಬೆರಳು ಎಣಿಸುತ್ತಿದ್ದಳು!

"ಐದೈದು ಅದಾವ. ಬರ್ರಿ ಒಳಗ," ಎಂದಳು.

ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೆ. ಮಾಟಗಾತಿಯೇನೋ ಎಂಬ ಗುಮಾನಿಯೂ ಬಂತು. ಆದರೆ ಕತ್ತಲಾಗಿತ್ತು, ಹೊಟ್ಟೆ ಹಸಿದಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನೆ ಒಳಹೊಕ್ಕೆ.

ಮನೆಯಲ್ಲಿದ್ದವರು ಇಬ್ಬರೇ, ನಿಂಗಮ್ಮ ಮತ್ತು ಸೊಸೆ ಮಾಳವ್ವ. ಮಾಳವ್ವನಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಮಾತು ಕಡಿಮೆ. ಕೈತುಂಬ ಹಸಿರು ಬಳೆ. ಅವರಿಬ್ಬರೂ ಅಡುಗೆಮನೆಯಲ್ಲಿ ಮಲಗುತ್ತಿದ್ದರು, ನನಗೆ ಪಡಸಾಲೆ. ಪಡಸಾಲೆಗೆ ಹೊಂದಿಕೊಂಡು ಒಂದು ಒಳಕೋಣೆ. ಅದಕ್ಕೆ ಹೊರಗಿನಿಂದ ಸರಪಳಿ ಚಿಲಕ.

ಮೊದಲ ರಾತ್ರಿಯೇ ಗಮನಿಸಿದೆ. ಊಟವಾದ ಮೇಲೆ ನಿಂಗಮ್ಮ ಒಂದು ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಒಳಕೋಣೆಗೆ ಹೋದಳು, ಬರಿಗೈಯಲ್ಲಿ ಬಂದು ಚಿಲಕ ಹಾಕಿದಳು. ಬೆಳಿಗ್ಗೆ ಅದೇ ತಟ್ಟೆ ಖಾಲಿಯಾಗಿ ಹೊರಬಂತು.

ಇಲಿ ತಿಂದಿರಬೇಕು ಎಂದುಕೊಂಡೆ. ಎರಡನೇ ರಾತ್ರಿಯೂ ಹಾಗೇ ಆದಾಗ ಬೇರೆಯದೇ ಹೊಳೆಯಿತು. ಒಳಗೆ ಯಾರನ್ನೋ ಬಚ್ಚಿಟ್ಟಿದ್ದಾರೆ! ಪೊಲೀಸರಿಗೆ ಬೇಕಾದವರು ಆಗ ಎಷ್ಟೋ ಜನ ತಲೆತಪ್ಪಿಸಿಕೊಂಡಿದ್ದರು. ಅಂಥವನು ಈ ಮನೆಯಲ್ಲಿ ಸಿಕ್ಕರೆ ನನ್ನ ಗತಿಯೇನು? ಬಂದ ವಾರವೇ ಜೈಲು.

ಮರುದಿನ ಬಾಯಿಬಿಟ್ಟು ಕೇಳಿದೆ. "ಅವ್ವಾ, ಒಳಗ ಯಾರದಾರ?"

"ಯಾರೂ ಇಲ್ರಿ. ಅದು ನನ್ನ ಮಗ ಬೀರಪ್ಪನ ಕೋಣಿ," ಎಂದಳು ನಿಂಗಮ್ಮ. "ಗದ್ದಲದಾಗ ಕುರಿ ಹೊಡಕೊಂಡು ಹೊಳಿ ದಂಡಿಗಿ ಹೋದಾಂವ ತಿರುಗಿ ಬಂದಿಲ್ಲ. ಕುರಿ ಅಷ್ಟ ಬಂದ್ವು. ಸಣ್ಣಾಂವಿದ್ದಾಗ ಗಾಡಿ ಗಾಲಿ ಹಾದು ಎಡಗಾಲಿನ ಕಿರಿಬೆರಳ ಹೋಗ್ಯಾದ. ಗಡ್ಡ ಬಿಟ್ಟು ಬಂದ್ರೂ, ಸೊರಗಿ ಬಂದ್ರೂ ಕಾಲು ನೋಡಿದ್ರ ಗುರುತು ಹತ್ತತದ. ಅದಕ್ಕ ಬಂದವರ ಕಾಲು ನೋಡತೀನ್ರಿ."

ನಾಚಿಕೆಯಾಯಿತು. ಆದರೆ ಅನುಮಾನ ಹೋಗಲಿಲ್ಲ. ಇಲ್ಲದ ಮಗನ ತಟ್ಟೆ ಖಾಲಿಯಾಗುವುದು ಹೇಗೆ?

ನಾಲ್ಕನೇ ದಿನ ಅಮಾವಾಸ್ಯೆ. ಮಧ್ಯಾಹ್ನ ನಿಂಗಮ್ಮ ಒಲೆಯ ಬೂದಿಯನ್ನು ಜರಡಿ ಹಿಡಿಯುತ್ತಿದ್ದಳು. ಪಾತ್ರೆ ತಿಕ್ಕಲು ಇರಬೇಕೆಂದುಕೊಂಡೆ. ಸಂಜೆ ಬಂದು, "ಸಾಹೇಬ್ರ, ಇವತ್ತೊಂದು ರಾತ್ರಿ ಗುಡಿ ಕಟ್ಟಿ ಮ್ಯಾಲ ಮಲಗ್ರಿ," ಎಂದಳು.

"ಯಾಕವ್ವಾ?"

"ಕೇಳಬ್ಯಾಡ್ರಿ. ಬಾಯಿಲೆ ಅನ್ನೋ ಮಾತಲ್ಲ."

ನನಗೆ ರೇಗಿತು. ಏಸುವಿನ ಕೆಲಸಕ್ಕೆ ಬಂದವನು ಗುಡಿಯ ಕಟ್ಟೆಯ ಮೇಲೆ ಮಲಗುವುದೇ? ಅದಕ್ಕಿಂತ ಹೆಚ್ಚಾಗಿ, ಈ ರಾತ್ರಿ ನನ್ನನ್ನು ಹೊರಗೆ ಹಾಕಿ ಇವರು ಯಾರನ್ನು ಸಾಗಿಸುತ್ತಾರೆ? ಇಲ್ಲೇ ಮಲಗುತ್ತೇನೆ ಎಂದು ಹಟ ಹಿಡಿದೆ. ಮುದುಕಿ ಕೊನೆಗೆ ಸೋತಳು.

"ಮಲಗ್ರಿ. ಖರೇ ಎದ್ದು ತಿರಗಾಡಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳತೀನಿ."

ದೀಪ ಆರಿತು. ಬೇಸಿಗೆಯ ಸೆಖೆ, ಎಲೆ ಅಲ್ಲಾಡುತ್ತಿರಲಿಲ್ಲ. ಊರ ನಾಯಿಗಳೂ ಸುಮ್ಮನಿದ್ದವು. ಅದೆಷ್ಟು ಹೊತ್ತಾಗಿತ್ತೋ... ಮೂಗಿಗೆ ಒಂದು ವಾಸನೆ ಬಡಿಯಿತು.

ನೆನೆದ ಕಂಬಳಿಯ ವಾಸನೆ.

ಮಳೆ ಬಿದ್ದು ತಿಂಗಳುಗಳಾಗಿದ್ದವು. ಹಟ್ಟಿಯಲ್ಲಿ ಒಂದು ಕುರಿಯೂ ಇರಲಿಲ್ಲ, ಎಲ್ಲ ಮಾರಿಯಾಗಿತ್ತು. ಆದರೂ ಕುರಿಯ ನಾತ, ಒದ್ದೆ ಉಣ್ಣೆಯ ಘಾಟು ಒಳಕೋಣೆಯ ಬಾಗಿಲ ಸಂದಿಯಿಂದ ಬರುತ್ತಿತ್ತು. ಅದರ ಹಿಂದೆಯೇ ಒಂದು ಸಪ್ಪಳ. ಕುರುಬರು ಕುರಿ ಕರೆಯಲು ನಾಲಿಗೆಯನ್ನು ಅಂಗುಳಕ್ಕೆ ಬಡಿದು ಮಾಡುತ್ತಾರಲ್ಲ, ಅದು. ಟಕ್... ಟಕ್... ಟಕ್... ಬಹಳ ಮೆಲ್ಲಗೆ.

ಒಳಗೆ ಅಡಗಿದವನು ಸಿಕ್ಕಿಬಿದ್ದ ಎಂದುಕೊಂಡೆ. ದೇವರಾಣೆ, ಆಗ ನನಗೆ ಭಯವಿರಲಿಲ್ಲ, ಸಿಟ್ಟಿತ್ತು. ಕತ್ತಲಲ್ಲೇ ತಡವರಿಸಿಕೊಂಡು ಹೋಗಿ ಬಾಗಿಲಿಗೆ ಕೈಯಿಟ್ಟೆ. ಚಿಲಕ ಹೊರಗಿನಿಂದ ಹಾಕಿಯೇ ಇತ್ತು. ತೆಗೆದು ಬಾಗಿಲು ತಳ್ಳಿ ಬಲಗಾಲು ಒಳಗಿಟ್ಟೆ...

ಕಾಲ ಕೆಳಗೆ ಏನೋ ಮೆತ್ತಗೆ, ತಣ್ಣಗೆ. ಸಪ್ಪಳ ಗಕ್ಕನೆ ನಿಂತಿತು. ನನ್ನ ಎದುರಿಗೇ, ಎರಡು ಮೊಳ ದೂರದಲ್ಲಿ, ಯಾರೋ ಉಸಿರು ಬಿಟ್ಟರು.

ಕಾಲು ಹಿಂದೆಳೆದು, ಬಾಗಿಲೆಳೆದು, ಚಿಲಕ ಹಾಕಿ ಹಾಸಿಗೆಗೆ ಬಂದು ಬಿದ್ದೆ. ಬೆಳಗಾಗುವವರೆಗೆ ಪ್ರಾರ್ಥನೆ ಮಾಡಿದೆ. ಯಾರೂ ಹೊರಬರಲಿಲ್ಲ. ಇದನ್ನು ಖಂಡಿತ ಹೇಳಬಲ್ಲೆ, ಏಕೆಂದರೆ ಆ ಕತ್ತಲಲ್ಲಿ ಬಾಗಿಲ ಸರಪಳಿಯ ಮೇಲೇ ನನ್ನ ಕಿವಿಯಿತ್ತು, ಅದು ಒಮ್ಮೆಯೂ ಅಲುಗಲಿಲ್ಲ.

ಬೆಳಿಗ್ಗೆ ನಿಂಗಮ್ಮನ ಭಾವ, ಮನೆತನದ ಹಿರಿಯ ಸಿದ್ದಪ್ಪ ಬಂದ. ಕಣ್ಣಿಗೆ ಪೊರೆ ಬಂದ ಮುದುಕ. ನನ್ನ ಪಕ್ಕ ಕೂತು ತಾನಾಗಿಯೇ ಹೇಳಿದ.

"ಕಾಣೆ ಆದವರ ಕೋಣ್ಯಾಗ ಅಮಾಸಿ ರಾತ್ರಿ ಬೂದಿ ಹರಡತೀವ್ರಿ ನಾವು. ಹೆಜ್ಜಿ ಬಿತ್ತಂದ್ರ ಅಂವ ಸತ್ತಾನ ಅಂತ ತಿಳಕೋಬೇಕು. ಬೀಳಲಿಲ್ಲಂದ್ರ ಎಲ್ಲೋ ಜೀವಂತ ಅದಾನ. ಮೂರು ಸಲ ನೋಡೋದು. ಇದು ಕಡೀ ಸಲ."

"ಹೆಜ್ಜೆ ಬಿದ್ದರೆ?"

"ಬಿದ್ರ ಮಾಳವ್ವನ ಕೈಯಾಗಿನ ಬಳಿ ಒಡೀತೀವಿ. ವರ್ಷ ಕಳದ ಮ್ಯಾಲ ಉಡಿಕಿ ಮಾಡಿ ಇನ್ನೊಬ್ಬಗ ಕೊಡ್ತೀವ್ರಿ, ನಮ್ಮಾಗ ಅದು ನಡೀತದ. ಬೀಳಲಿಲ್ಲಂದ್ರ ಅಕಿ ಕಾಯಬೇಕು."

ಬೂದಿಯಲ್ಲಿ ನಾನು ಕಾಲಿಟ್ಟಿದ್ದೆ! ಬದುಕಿರುವ ಗಂಡನ ಹೆಂಡತಿಯನ್ನು ನನ್ನ ಹಟ ವಿಧವೆ ಮಾಡಲಿತ್ತು. ಎದ್ದು ನಿಂತು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. "ತಪ್ಪಾಯಿತು. ರಾತ್ರಿ ಬಾಗಿಲು ತೆಗೆದು ಕಾಲಿಟ್ಟವನು ನಾನು. ಒಳಗಿರುವ ಹೆಜ್ಜೆ ನನ್ನದು."

ನಿಂಗಮ್ಮ ಎದ್ದು ಹೋಗಿ ಚಿಲಕ ತೆಗೆದಳು.

ಹೊಸ್ತಿಲ ಬಳಿಯೇ ನನ್ನ ಬಲಗಾಲಿನ ಗುರುತು, ಜಾರಿದ ಹಾಗೆ ಅರ್ಧ ಅಳಿಸಿತ್ತು. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯ ಕಲ್ಲನ್ನು ಸಿದ್ದಪ್ಪ ಕೋಲಿನಿಂದ ಸರಿಸಿದ. ಬೆಳಕು ನೇರವಾಗಿ ಒಳಗೆ ಬಿತ್ತು.

ಕೋಣೆಯ ನಟ್ಟನಡುವೆ ಇನ್ನೊಂದು ಹೆಜ್ಜೆ.

ಎಡಗಾಲಿನದು. ಬೆರಳುಗಳು ಬಾಗಿಲ ಕಡೆಗೆ, ಎಂದರೆ ನಾನು ನಿಂತಿದ್ದ ಕಡೆಗೆ. ಸುತ್ತ ಎಲ್ಲೂ ಬೂದಿ ಕದಡಿರಲಿಲ್ಲ. ಅಲ್ಲಿಗೆ ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಗೂಟಕ್ಕೆ ನೇತುಹಾಕಿದ್ದ ಬೀರಪ್ಪನ ಕಂಬಳಿಯ ಕೆಳಗೆ ಮಾತ್ರ ಬೂದಿಯಲ್ಲಿ ಸಣ್ಣ ಸಣ್ಣ ಕುಳಿ, ಹನಿ ತೊಟ್ಟಿಕ್ಕಿದಂತೆ.

ಬೆರಳು ಎಣಿಸಿದೆ. ನಾಲ್ಕು.

ಸಿದ್ದಪ್ಪ ಕಣ್ಣು ಕಿರಿದು ಮಾಡಿ ಬಗ್ಗಿದ. ಅವನಿಗೆ ಕಂಡದ್ದು ಬರೀ ಕಪ್ಪು ಕಲೆ ಇರಬೇಕು. "ಅಲ್ಲೊಂದು ಕಾಣಾಕತ್ತದಲ್ಲ. ಸಾಹೇಬ್ರ, ಅದೂ ನಿಮ್ದೇನ್ರಿ?"

ನಾನು ಮಾಳವ್ವನ ಕಡೆ ನೋಡಿದೆ. ಬಾಗಿಲಿಗೆ ಒರಗಿ ನಿಂತಿದ್ದಳು. ಎಡಗೈಯ ಬಳೆಗಳನ್ನು ಬಲಗೈಯಿಂದ ಬಿಗಿಯಾಗಿ ಹಿಡಿದಿದ್ದಳು, ಗೆಣ್ಣು ಬೆಳ್ಳಗಾಗುವಷ್ಟು. ಆ ಬಳೆ ಒಡೆಯುವುದನ್ನು ನೋಡಲಾರೆ ಎನಿಸಿತು. ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸಿ ಬಂದವನು ನಾನು.

"ಹೌದು, ಅದೂ ನನ್ನದೇ," ಎಂದೆ.

ನಿಂಗಮ್ಮ ಆ ಹೆಜ್ಜೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತುಟಿ ಅಲ್ಲಾಡಿತು. ಆಮೇಲೆ ಪೊರಕೆ ತಂದು ಒಂದೇ ಏಟಿಗೆ ಗುಡಿಸಿಬಿಟ್ಟಳು. "ಪರದೇಶಿ ಮನಷ್ಯಾ ಭಾವಾರ, ತಿಳೀದ ಹೊಕ್ಕಾನ. ಮಗನ ಹೆಜ್ಜಿ ಬಿದ್ದಿಲ್ಲ."

"ಹಂಗಾದ್ರ ಅಕಿ ಕಾಯಬೇಕು," ಎಂದು ಸಿದ್ದಪ್ಪ ಹೊರಟುಹೋದ.

ಆ ಸಂಜೆ ನಿಂಗಮ್ಮ ತಾನೇ ನನ್ನ ಕಾಲಿಗೆ ನೀರು ಹಾಕಿದಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು. "ತಮ್ಮಾ, ನಿನ್ನ ಕಾಲಿಗಿ ಐದೈದು ಬೆರಳ ಅದಾವ. ನೀ ಬಂದ ದಿನಾನ ಎಣಿಸೀನಿ."

"ಮತ್ತೆ ಯಾಕೆ ಮಗನ ಹೆಜ್ಜೆಯಲ್ಲ ಎಂದೆ ಅವ್ವಾ?"

"ನೀ ಯಾಕ ಹೌದಂದಿ?"

ತಿಂಗಳು ಕಳೆಯುವ ಮೊದಲೇ ನಾನು ಬರೆದು ಕೇಳಿಕೊಂಡು ಸುರಪುರಕ್ಕೆ ವರ್ಗ ಮಾಡಿಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ, ನನ್ನ ತಲೆಯೂ ನರೆತ ಮೇಲೆ, ಒಂದು ಸಂಜೆ ಮನಸ್ಸು ತಡೆಯದೆ ದೋರನಹಳ್ಳಿಗೆ ಹೋದೆ. ನಿಂಗಮ್ಮ ತೀರಿಹೋಗಿದ್ದಳು. ಬಾಗಿಲು ತೆಗೆದವಳು ಮಾಳವ್ವ, ಬೆಳ್ಳಗಿನ ಕೂದಲು, ಕೈತುಂಬ ಹಸಿರು ಬಳೆ. ನೀರಿನ ಚೆಂಬು ಕೊಟ್ಟು, ಕಂದೀಲು ಬಗ್ಗಿಸಿ ನನ್ನ ಪಾದ ನೋಡಿದಳು. ಗುರುತು ಹಿಡಿದಳು.

"ಚೆನ್ನಾಗಿದ್ದೀಯಾ ತಂಗಿ?" ಎಂದೆ. ಬೇರೆ ಮಾತು ಹೊಳೆಯಲಿಲ್ಲ. "ಅವತ್ತು ನೀನು ಬಳೆ ಹಿಡಿದು ನಿಂತದ್ದನ್ನು ನೋಡಲಾಗಲಿಲ್ಲ. ಅದಕ್ಕೇ ಹೌದು ಎಂದೆ."

ಅವಳು ಕಂದೀಲು ಕೆಳಗಿಟ್ಟಳು.

"ಹೆಜ್ಜಿ ನಾನೂ ನೋಡಿದ್ನಿರಿ ಸಾಹೇಬ್ರ, ನಾಕು ಬೆರಳಿಂದು," ಎಂದಳು. "ಬಳಿ ಉಳಸ್ಕೊಳ್ಳಾಕಲ್ಲ, ಒಡ್ಕೊಳ್ಳಾಕ ಹಿಡದಿದ್ನಿ."

ಅವಳು ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ಎರಡು ರೊಟ್ಟಿ, ಪಲ್ಯ ಇಟ್ಟುಕೊಂಡು ಬಂದಳು. ನನಗೆಂದುಕೊಂಡು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಒಳಕೋಣೆಯ ಚಿಲಕ ತೆಗೆದು, "ತಡೀರಿ, ಬಂದ್ನಿ," ಎಂದು ಒಳಗಿನ ಕತ್ತಲಿಗೆ ಮೆಲ್ಲಗೆ ಹೇಳಿ ಒಳಗೆ ಹೋದಳು.

ಚಪ್ಪಲಿ ಹುಡುಕಿಕೊಳ್ಳದೆ ಬಸ್ಸಿನ ದಾರಿ ಹಿಡಿದೆ. ಆ ಬಾಗಿಲಿನಿಂದ ಬಂದ ನೆನೆದ ಕಂಬಳಿಯ ವಾಸನೆ ಶಹಾಪುರ ಮುಟ್ಟುವವರೆಗೂ ನನ್ನ ಬಟ್ಟೆಯಲ್ಲಿತ್ತು. ಅವತ್ತೂ ಮಳೆ ಬಂದಿರಲಿಲ್ಲ.